ಓದುಗರ ಪ್ರಶ್ನೆಗಳಿಗೆ ಉತ್ತರ: ಬ್ಯಾಟರಿಯಿಲ್ಲದೆ ಮಾತನಾಡುವ ಚೀಟಿ

ಟೋಲ್ ಗೇಟಿನ ಫಾಸ್ಟ್ಯಾಗ್ ಕುರಿತು ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದದ್ದೇ ನೆಪವಾಗಿ, ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ, ರೇಡಿಯೊ ಅಲೆಗಳಿಂದ ವಸ್ತುವಿನ ಗುರುತು ಹಿಡಿಯುವ, ಫಾಸ್ಟ್ಯಾಗ್ ಹಿಂದಿರುವ ಆರ್‌ಎಫ್‌ಐಡಿ ತಂತ್ರಜ್ಞಾನದ ಬಗ್ಗೆ ಸಾಲು ಸಾಲು ಪತ್ರಗಳು ಬಂದಿವೆ. ಹಾಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇನೆ. ಹೆಸರುಗಳನ್ನು ಬಿಟ್ಟು ಊರುಗಳನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ಕಾರಿನ ಗಾಜಿಗೆ ಅಂಟಿಸಿದ ಚೀಟಿಗೆ ಸೆಲ್ಲೂ ಇಲ್ಲ, ತಂತಿಯೂ ಇಲ್ಲ. ಅದು ತನ್ನ ಸಂಖ್ಯೆಯನ್ನು ಅಷ್ಟು ದೂರದ ಯಂತ್ರಕ್ಕೆ ಹೇಗೆ ಹೇಳುತ್ತದೆ ಎಂದು ಎಂಟನೆಯ ತರಗತಿಯ ಹುಡುಗನೊಬ್ಬ ಕೇಳಿದ. ಉತ್ತರಿಸಲು ನನಗೂ ಹೊಳೆಯಲಿಲ್ಲ. (ಶಿಕ್ಷಕರು, ಆಳಂದ)

ಉತ್ತರ: ಗಾಜು ಬದಲಿಸುವಾಗ ಅರ್ಧ ಹರಿದು ಬಂದ ಹಳೆಯ ಫಾಸ್ಟ್ಯಾಗ್ ಒಂದು ನನ್ನ ಮೇಜಿನ ಮೇಲಿದೆ. ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದರೆ ಕಾಗದದೊಳಗೆ ಅಲ್ಯೂಮಿನಿಯಂ ಹಾಳೆಯ ತೆಳುವಾದ ಪಟ್ಟಿಗಳು ರಂಗೋಲಿಯ ಎಳೆಗಳಂತೆ ಅಂಕುಡೊಂಕಾಗಿ ಹರಡಿರುವುದು ಕಾಣುತ್ತದೆ. ಎರಡು ಎಳೆಗಳು ಕೂಡುವ ನಡುವಿನ ಜಾಗದಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾದ ಕಪ್ಪು ಚುಕ್ಕೆಯೊಂದಿದೆ. ಪಟ್ಟಿಗಳೇ ಆಂಟೆನಾ, ಚುಕ್ಕೆಯೇ ಚಿಪ್. ಇಡೀ ಟ್ಯಾಗ್ ಎಂದರೆ ಇಷ್ಟೆ. ನಿಮ್ಮ ವಿದ್ಯಾರ್ಥಿಗೆ ಇಂಥ ಹಾಳಾದ ಟ್ಯಾಗ್ ಒಂದನ್ನು ಕೈಗೆ ಕೊಟ್ಟು ನೋಡಿಸಿದರೆ ಅರ್ಧ ಪಾಠ ಅಲ್ಲಿಯೇ ಮುಗಿಯುತ್ತದೆ.

ಟೋಲ್ ಗೇಟಿನ ಮೇಲೆ ಇಳಿಬಿಟ್ಟಿರುವ ಚಪ್ಪಟೆ ಪೆಟ್ಟಿಗೆಯೇ ಟ್ಯಾಗನ್ನು ಓದುವ ಯಂತ್ರದ, ಅಂದರೆ ರೀಡರ್‌ನ ಆಂಟೆನಾ. ಅದು ಕೆಳಗಿನ ಲೇನ್‌ನ ಮೇಲೆ ರೇಡಿಯೊ ಅಲೆಗಳನ್ನು ಸುರಿಯುತ್ತಿರುತ್ತದೆ. ಭಾರತದಲ್ಲಿ ಈ ಕೆಲಸಕ್ಕೆ 865 ಮೆಗಾಹರ್ಟ್ಸ್‌ನಿಂದ ಮೇಲಿನ ಒಂದು ಕಿರಿದಾದ ಆವರ್ತನ ಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟಿದ್ದಾರೆ. ಈ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಒಳ್ಳೆಯ ಆಂಟೆನಾ ಅಲೆಯ ಅರ್ಧದಷ್ಟು, ಅಂದರೆ ಒಂದು ಗೇಣಿಗಿಂತ ತುಸು ಕಡಿಮೆ, ಉದ್ದವಿರಬೇಕು. ಅಷ್ಟು ಉದ್ದವನ್ನು ಚಿಕ್ಕ ಚೀಟಿಯೊಳಗೆ ಅಡಕಗೊಳಿಸಲೆಂದೇ ಆ ಅಂಕುಡೊಂಕು. ಅಲೆ ಬಂದು ಪಟ್ಟಿಗಳನ್ನು ತಾಗಿದಾಗ ಅವುಗಳಲ್ಲಿ ಕಿರಿದಾದ ವಿದ್ಯುತ್ ಪ್ರವಾಹ ಹುಟ್ಟುತ್ತದೆ, ಚಿಪ್ ಅದನ್ನು ಏಕಮುಖ ವಿದ್ಯುತ್ತಾಗಿ ಬದಲಿಸಿಕೊಂಡು ಎಚ್ಚರಗೊಳ್ಳುತ್ತದೆ. ಎಚ್ಚರವಾಗಲು ಅದಕ್ಕೆ ಬೇಕಾದದ್ದು ಒಂದು ವ್ಯಾಟಿನ ಲಕ್ಷದಲ್ಲೊಂದು ಪಾಲಿನ ಆಸುಪಾಸು. ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಉಣ್ಣುವ ವಿದ್ಯುತ್ತಿನಲ್ಲಿ ಇಂಥ ಒಂಬತ್ತು ಲಕ್ಷ ಚಿಪ್‌ಗಳು ಹೊಟ್ಟೆ ತುಂಬಿಸಿಕೊಳ್ಳಬಹುದು ಎಂದರೆ ಹುಡುಗನಿಗೆ ಲೆಕ್ಕವೂ ಸಿಕ್ಕೀತು.

ಎಚ್ಚರವಾದ ಚಿಪ್ ಉತ್ತರ ಹೇಳುವ ರೀತಿ ಇನ್ನೂ ಸೊಗಸಾದದ್ದು. ಸ್ವಂತ ಅಲೆಯನ್ನು ಹೊರಡಿಸುವಷ್ಟು ಶಕ್ತಿ ಅದಕ್ಕಿಲ್ಲ. ಹಳ್ಳಿಯ ಹುಡುಗರು ಮಧ್ಯಾಹ್ನದ ಬಿಸಿಲಿನಲ್ಲಿ ಒಡೆದ ಕನ್ನಡಿಯ ಚೂರು ಹಿಡಿದು ಎದುರು ಮನೆಯ ಗೋಡೆಯ ಮೇಲೆ ಬೆಳಕು ಕುಣಿಸುತ್ತಾರಲ್ಲ, ಅದೇ ಆಟವನ್ನು ಇದು ಆಡುತ್ತದೆ. ಬೆಳಕು ಹುಡುಗನದಲ್ಲ, ಸೂರ್ಯನದು. ಆದರೆ ಕನ್ನಡಿಯನ್ನು ಓರೆ ಮಾಡಿ, ನೇರ ಮಾಡಿ, ಒಂದು ಲೆಕ್ಕದಲ್ಲಿ ಮಿನುಗಿಸಿದರೆ ಸಂದೇಶ ಕಳಿಸಬಹುದು. ಚಿಪ್ ತನ್ನ ಆಂಟೆನಾದ ತುದಿಗಳನ್ನು ಸೆಕೆಂಡಿಗೆ ಸಾವಿರಾರು ಬಾರಿ ಕೂಡಿಸಿ ಬಿಡಿಸಿ ಮಾಡುತ್ತ, ರೀಡರ್‌ನಿಂದ ಬಂದ ಅಲೆಯನ್ನೇ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಮರಳಿಸುತ್ತದೆ. ಆ ಏರಿಳಿತವೇ ಸೊನ್ನೆ ಮತ್ತು ಒಂದು. ತಾನು ಕೂಗುತ್ತಿರುವಾಗಲೇ ಈ ಪಿಸುಮಾತನ್ನು ಕೇಳಿಸಿಕೊಳ್ಳಬೇಕಾದದ್ದು ರೀಡರ್‌ನ ಪಾಲಿನ ಕಷ್ಟ. ಅದಕ್ಕೇ ಟ್ಯಾಗ್ ಕೆಲವು ರೂಪಾಯಿಗೆ ಸಿಗುತ್ತದೆ, ರೀಡರ್ ಸಾವಿರಾರು ರೂಪಾಯಿ ಬೇಡುತ್ತದೆ.

ಪ್ರತಿಫಲಿತ ಶಕ್ತಿಯಿಂದ ಸಂವಹನ ನಡೆಸಬಹುದೆಂಬ ವಿಚಾರವನ್ನು ಎಂಜಿನಿಯರ್ ಹ್ಯಾರಿ ಸ್ಟಾಕ್‌ಮನ್ 1948ರಲ್ಲಿಯೇ ಪ್ರಬಂಧವಾಗಿ ಪ್ರಕಟಿಸಿದ್ದರು. ಅದಕ್ಕೂ ಮೊದಲೇ ಗೂಢಚಾರರು ಅದನ್ನು ಬಳಸಿಕೊಂಡಿದ್ದರು: 1945ರಲ್ಲಿ ಸೋವಿಯತ್ ಶಾಲಾ ಮಕ್ಕಳು ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಕಾಣಿಕೆ ಕೊಟ್ಟ ಮರದ ಲಾಂಛನದೊಳಗೆ ಸೋವಿಯತ್ ವಿಜ್ಞಾನಿ ಲಿಯಾನ್ ಟೆರೆಮಿನ್ ರೂಪಿಸಿದ, ಬ್ಯಾಟರಿಯಿಲ್ಲದ ಕದ್ದಾಲಿಕೆ ಸಾಧನವಿತ್ತು. ಹೊರಗಿನಿಂದ ರೇಡಿಯೊ ಅಲೆ ಬೀರಿದಾಗ ಮಾತ್ರ ಅದು ಜೀವ ತಳೆಯುತ್ತಿದ್ದುದರಿಂದ 1952ರವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ.

ಎಲ್ಲ ಟ್ಯಾಗ್‌ಗಳೂ ಕನ್ನಡಿಯಾಟವನ್ನೇ ಆಡುವುದಿಲ್ಲ. ಗ್ರಂಥಾಲಯದ ಪುಸ್ತಕಗಳಲ್ಲಿ, ಮೆಟ್ರೊ ಕಾರ್ಡಿನಲ್ಲಿ, ಹೋಟೆಲ್ ಕೋಣೆಯ ಬಾಗಿಲು ತೆರೆಯುವ ಕಾರ್ಡಿನಲ್ಲಿ ಸಾಮಾನ್ಯವಾಗಿ ಇರುವುದು 13.56 ಮೆಗಾಹರ್ಟ್ಸ್‌ನ ಸುರುಳಿ. ಅಲ್ಲಿ ರೀಡರ್ ಮತ್ತು ಕಾರ್ಡು ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳಂತೆ ವರ್ತಿಸುತ್ತವೆ. ನೀವು ತರಗತಿಯಲ್ಲಿ ಹೇಳಿಕೊಡುವ, ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಅದು. ಕಾಂತಕ್ಷೇತ್ರ ಬಹು ಬೇಗ ಕುಗ್ಗುವುದರಿಂದ ಇವುಗಳ ಮಾತು ಬೆರಳಳತೆಯಲ್ಲಿಯೋ, ಹೆಚ್ಚೆಂದರೆ ಮೊಳದಳತೆಯಲ್ಲಿಯೋ ನಿಲ್ಲುತ್ತದೆ. ಫಾಸ್ಟ್ಯಾಗ್ ಜಾತಿಯವು ಹಲವು ಮೀಟರ್ ದೂರದಿಂದ ಮಾತನಾಡುತ್ತವೆ.

ಪ್ರಶ್ನೆ: ನನ್ನ ಖಾತೆಯಲ್ಲಿ ಹಣವಿದ್ದರೂ ಹೈದರಾಬಾದ್ ರಸ್ತೆಯ ಟೋಲ್‌ನಲ್ಲಿ ಫಾಸ್ಟ್ಯಾಗ್ ಕೆಲಸ ಮಾಡದೆ ಹಿಂದಿನ ಲಾರಿಯವರಿಂದ ಬೈಸಿಕೊಂಡೆ. ಟ್ಯಾಗ್ ಕೆಟ್ಟಿದೆಯೆ? ಗಾಜು ಒರೆಸುವ ನೆಪದಲ್ಲಿ ಹುಡುಗರು ಕೈಗಡಿಯಾರದಿಂದ ಅದರ ಹಣ ಕದಿಯುತ್ತಾರಂತೆ, ನಿಜವೆ? (ಟ್ಯಾಕ್ಸಿ ಚಾಲಕರು, ಹುಮನಾಬಾದ್)

ಉತ್ತರ: ಬೈಗುಳದ ವಿಷಯದಲ್ಲಿ ನಾವಿಬ್ಬರೂ ಸಮಾನ ದುಃಖಿಗಳು. ಕಳೆದ ಬೇಸಿಗೆಯಲ್ಲಿ ನನಗೂ ಹೀಗೆಯೇ ಆಯಿತು. ಗೇಟಿನ ಸಿಬ್ಬಂದಿ ಕೈಯಲ್ಲಿ ಹಿಡಿಯುವ ಚಿಕ್ಕ ರೀಡರನ್ನು ಗಾಜಿನ ಹತ್ತಿರ ತಂದೊಡನೆ ಅದು ಕೀಚ್ ಎಂದಿತು, ಆದರೂ ಅಡ್ಡಗಂಬ ಏಳಲಿಲ್ಲ. ಟ್ಯಾಗ್ ತನ್ನ ಸಂಖ್ಯೆಯನ್ನು ಸ್ಪಷ್ಟವಾಗಿಯೇ ಹೇಳಿತ್ತು. ಆ ಸಂಖ್ಯೆ ಬ್ಯಾಂಕಿನ ಕಪ್ಪುಪಟ್ಟಿಯಲ್ಲಿ ಕುಳಿತಿತ್ತು. ಗುರುತಿನ ದಾಖಲೆಗಳನ್ನು ನಾನು ಹೊಸದಾಗಿ ಕೊಟ್ಟು ವಾರವಾಗಿದ್ದರೂ ಬ್ಯಾಂಕಿನವರು ಅದನ್ನು ಏರಿಸಿರಲಿಲ್ಲ. ನಗದಿನಲ್ಲಿ ದುಪ್ಪಟ್ಟು ಕೊಟ್ಟು ಮುಂದೆ ಹೋದೆ. 2025ರ ನವೆಂಬರ್ 15ರಿಂದ ಇಂಥ ಸಂದರ್ಭದಲ್ಲಿ ಯುಪಿಐ ಮೂಲಕ ಕಟ್ಟಿದರೆ ಒಂದೂಕಾಲು ಪಟ್ಟು ಸಾಕು. ಆ ನಿಯಮ ಬಂದಾಗ ನಗದಿಗೆ ಎರಡು ಪಟ್ಟೇ ಇತ್ತು.

ಇಲ್ಲಿ ತಿಳಿಯಬೇಕಾದದ್ದು, ಫಾಸ್ಟ್ಯಾಗ್‌ನೊಳಗೆ ಹಣವಿಲ್ಲ. ಇರುವುದು ಟ್ಯಾಗ್‌ನ ಸಂಖ್ಯೆ, ವಾಹನದ ಗುರುತು ಮತ್ತು ಅದು ಯಾವ ವರ್ಗದ್ದು ಎಂಬ ವಿವರ. ರೀಡರ್ ಓದಿದ ಸಂಖ್ಯೆ ಟೋಲ್‌ನ ಬ್ಯಾಂಕಿನಿಂದ ರಾಷ್ಟ್ರೀಯ ಪಾವತಿ ನಿಗಮದ ಜಾಲಕ್ಕೆ, ಅಲ್ಲಿಂದ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ಹಣ ಕಳೆಯುವುದು ಅಲ್ಲಿ. ಆದ್ದರಿಂದ ದೋಷ ಟ್ಯಾಗಿನದೋ ಬ್ಯಾಂಕಿನ ಕಪ್ಪುಪಟ್ಟಿಯದೋ ಎಂದು ಮೊದಲು ತಿಳಿದುಕೊಳ್ಳಬೇಕು. ಕೈ ರೀಡರ್ ಕೀಚ್ ಎಂದರೆ ಟ್ಯಾಗ್ ಸರಿಯಿದೆ, ಬ್ಯಾಂಕಿಗೆ ಫೋನು ಮಾಡಿ. ಅದೂ ಮೌನವಾಗಿದ್ದರೆ ಟ್ಯಾಗ್ ಹರಿದಿರಬೇಕು. ಒಂದು ಕಾರಿನಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಬಾರದೆಂದು ಅದನ್ನು ಕಿತ್ತರೆ ಆಂಟೆನಾ ತುಂಡಾಗುವಂತೆಯೇ ಮಾಡಿರುತ್ತಾರೆ; ಹರಿದದ್ದಕ್ಕೆ ಟೇಪು ಹಚ್ಚಿ ಉಪಯೋಗವಿಲ್ಲ. ಹತ್ತಿರದಿಂದ ಓದಿ ದೂರದಿಂದ ಓದದಿದ್ದರೆ ಜಾಗದ ದೋಷವನ್ನು ಶಂಕಿಸಬಹುದು. ಬಿಸಿಲು ತಡೆಯಲು ಲೋಹದ ಲೇಪ ಕೊಟ್ಟ ಗಾಜು ಅಲೆಗಳನ್ನೂ ತಡೆಯುತ್ತದೆ. ನಮ್ಮ ಕಡೆಯ ಬೇಸಿಗೆಗೆ ಹೆದರಿ ಅಂಥ ಫಿಲ್ಮ್ ಹಚ್ಚಿಸಿಕೊಂಡವರು ಈ ಕಾಟವನ್ನೂ ಜೊತೆಗೇ ಕೊಂಡುಕೊಂಡಿರುತ್ತಾರೆ. ಟ್ಯಾಗನ್ನು ಕೈಯಲ್ಲಿ ಹಿಡಿದು ತೋರಿಸುವುದೂ ಒಳ್ಳೆಯದಲ್ಲ: ಬೆರಳಿನಲ್ಲಿರುವುದು ಹೆಚ್ಚಾಗಿ ನೀರು, ನೀರು ಈ ಅಲೆಗಳನ್ನು ಹೀರುತ್ತದೆ.

ಕೈಗಡಿಯಾರದ ಕಥೆ 2022ರಲ್ಲಿ ಒಂದು ವಿಡಿಯೊದಿಂದ ಹುಟ್ಟಿತು. ಪಾವತಿ ನಿಗಮ ಅದನ್ನು ಸುಳ್ಳೆಂದು ಆಗಲೇ ಹೇಳಿದೆ. ಸ್ಮಾರ್ಟ್ ವಾಚುಗಳಲ್ಲಿರುವುದು, ಮೆಟ್ರೊ ಕಾರ್ಡಿನಂತೆ ಹತ್ತಿರದಿಂದಷ್ಟೇ ಮಾತನಾಡುವ, 13.56 ಮೆಗಾಹರ್ಟ್ಸ್‌ನ ಎನ್‌ಎಫ್‌ಸಿ. ಅದು 865 ಮೆಗಾಹರ್ಟ್ಸ್‌ನ ಟ್ಯಾಗನ್ನು ಓದುವುದೆಂದರೆ ಬಾನುಲಿಯ ಎಫ್‌ಎಂ ಪೆಟ್ಟಿಗೆಯಲ್ಲಿ ಟಿವಿ ನೋಡಲು ಕುಳಿತಂತೆ. ಸರಿಯಾದ ರೀಡರ್ ತಂದು ಸಂಖ್ಯೆ ಓದಿಕೊಂಡರೂ ನೋಂದಾಯಿತ ಟೋಲ್ ಅಥವಾ ಪಾರ್ಕಿಂಗ್ ಜಾಗದವರಲ್ಲದೆ ಬೇರೆಯವರು ಹಣಕ್ಕೆ ಬೇಡಿಕೆಯನ್ನೇ ಕಳಿಸಲಾರರು.

ಪ್ರಶ್ನೆ: ನಮ್ಮ ದೇವಣಿ ಹಸುವಿನ ಕಿವಿಗೆ ಪಶು ಇಲಾಖೆಯವರು ಹಳದಿ ಬಿಲ್ಲೆ ಹಾಕಿದ್ದಾರೆ. ಅದರೊಳಗೆ ಚಿಪ್ ಇದೆಯಂತೆ. ಹಸು ತಪ್ಪಿಸಿಕೊಂಡರೆ ಮೊಬೈಲಿನಲ್ಲಿ ಹುಡುಕಬಹುದೆ? (ರೈತರು, ಭಾಲ್ಕಿ)

ಉತ್ತರ: ಹುಡುಕಲಾಗುವುದಿಲ್ಲ. ನೀವು ನೋಡಿದ ಹಳದಿ ಬಿಲ್ಲೆಯಲ್ಲಿ ಸಾಮಾನ್ಯವಾಗಿ ಇರುವುದು 12 ಅಂಕಿಗಳ ಸಂಖ್ಯೆ ಮತ್ತು ಬಾರ್‌ಕೋಡ್ ಮಾತ್ರ, ಚಿಪ್ ಇಲ್ಲ. ಅದನ್ನು ಕಣ್ಣಿನಿಂದ ಓದಬೇಕು ಅಥವಾ ಮೊಬೈಲ್ ಕ್ಯಾಮೆರಾದಿಂದ ಓದಿಸಬೇಕು. ಆ ಸಂಖ್ಯೆಯ ಹೆಸರಿನಲ್ಲಿ ಲಸಿಕೆ, ಗರ್ಭಧಾರಣೆ, ವಿಮೆಯ ವಿವರಗಳು ಇಲಾಖೆಯ ಗಣಕದಲ್ಲಿ ಸೇರಿರುತ್ತವೆ, ಆದ್ದರಿಂದ ಬಿಲ್ಲೆ ಬಿದ್ದುಹೋದರೆ ಅಲಕ್ಷಿಸದೆ ಆಸ್ಪತ್ರೆಗೆ ತಿಳಿಸಿ.

ಚಿಪ್ ಇರುವ ಬಿಲ್ಲೆಗಳೂ, ಚರ್ಮದಡಿ ಚುಚ್ಚಿ ಕೂಡಿಸುವ ಗಾಜಿನ ಗುಳಿಗೆಗಳೂ ಬೇರೆ ಇವೆ. ಗುಳಿಗೆ ಉದ್ದನೆಯ ಅಕ್ಕಿ ಕಾಳಿನಂತೆ, ಸುಮಾರು 12 ಮಿಲಿಮೀಟರ್ ಇರುತ್ತದೆ. ವಿದೇಶಕ್ಕೆ ಒಯ್ಯುವ ಸಾಕುನಾಯಿಗಳಿಗೆ ಅದನ್ನೇ ಹಾಕಿಸುತ್ತಾರೆ. ಅವು 134.2 ಕಿಲೋಹರ್ಟ್ಸ್‌ನಷ್ಟು ತಗ್ಗಿನ ಆವರ್ತನದಲ್ಲಿ ಕೆಲಸ ಮಾಡುತ್ತವೆ, ಏಕೆಂದರೆ ಪ್ರಾಣಿಯ ದೇಹವೆಂದರೆ ಬಹುಪಾಲು ನೀರು, ಮತ್ತು ತಗ್ಗಿನ ಆವರ್ತನದ ಕಾಂತಕ್ಷೇತ್ರವನ್ನು ನೀರು ಅಷ್ಟಾಗಿ ಬಾಧಿಸುವುದಿಲ್ಲ. ಆದರೆ ಓದಬೇಕಾದರೆ ರೀಡರನ್ನು ಗೇಣಿನಷ್ಟು ಹತ್ತಿರ ಒಯ್ಯಬೇಕು. ಅಂದರೆ ಹಸು ಸಿಕ್ಕ ಮೇಲೆ ಅದು ಯಾರದೆಂದು ಚಿಪ್ ಹೇಳೀತೇ ಹೊರತು ಎಲ್ಲಿದೆಯೆಂದು ಹೇಳಲಾರದು. ಎಲ್ಲಿದೆಯೆಂದು ಹೇಳಲು ಜಿಪಿಎಸ್ ಕೊರಳಪಟ್ಟಿ ಬೇಕು, ಅದಕ್ಕೆ ಸಿಮ್ ಬೇಕು, ದಿನಗಳೆದಂತೆ ಬ್ಯಾಟರಿ ತುಂಬಿಸಬೇಕು. ಸದ್ಯಕ್ಕೆ ಕೊರಳ ಗಂಟೆಯೇ ಅಗ್ಗವೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ವಾಡಿ ಜಂಕ್ಷನ್ ಹತ್ತಿರ ಹಳಿಗಳ ನಡುವೆ ಸ್ಲೀಪರಿನ ಮೇಲೆ ಚಪ್ಪಟೆ ಬಿಲ್ಲೆಯಂಥದ್ದನ್ನು ಬಿಗಿದಿದ್ದಾರೆ. ಅದಕ್ಕೂ ಆರ್‌ಎಫ್‌ಐಡಿ ಎನ್ನುತ್ತಾರೆ. ರೈಲಿಗೂ ಟೋಲ್ ಬಂತೆ? (ಸಿಮೆಂಟ್ ಕಾರ್ಖಾನೆಯ ಉದ್ಯೋಗಿ, ವಾಡಿ)

ಉತ್ತರ: ನಿಮ್ಮ ಪ್ರಶ್ನೆಯನ್ನು ಓದಿ ನಕ್ಕೆನಾದರೂ ಈ ಕಂತೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದೇ. ನೀವು ನೋಡಿದ್ದು ‘ಕವಚ್’ ಎಂಬ ರೈಲು ಸುರಕ್ಷಾ ವ್ಯವಸ್ಥೆಯ ಟ್ಯಾಗ್ ಇರಬೇಕು. ಈ ವ್ಯವಸ್ಥೆಗೂ ನಮ್ಮ ಭಾಗಕ್ಕೂ ಹಳೆಯ ನಂಟಿದೆ: ಲಿಂಗಂಪಲ್ಲಿ, ವಿಕಾರಾಬಾದ್, ವಾಡಿ, ಬೀದರ್ ನಡುವಿನ ಸುಮಾರು 250 ಕಿಲೋಮೀಟರ್ ಹಳಿಯಲ್ಲಿಯೇ ಇದರ ಪ್ರಯೋಗ ನಡೆಯಿತು, ಪ್ರಯಾಣಿಕರ ರೈಲುಗಳ ಮೇಲೆ ಮೊದಲ ಪರೀಕ್ಷೆ ಆರಂಭವಾದದ್ದು 2016ರ ಫೆಬ್ರವರಿಯಲ್ಲಿ. 2020ರಲ್ಲಿ ಅದನ್ನು ರಾಷ್ಟ್ರೀಯ ವ್ಯವಸ್ಥೆಯಾಗಿ ಒಪ್ಪಿಕೊಂಡರು.

ಟೋಲ್‌ನಲ್ಲಿ ರೀಡರ್ ನಿಂತಿರುತ್ತದೆ, ಟ್ಯಾಗ್ ಓಡಿಬರುತ್ತದೆ. ಇಲ್ಲಿ ಅದು ತಿರುಗುಮುರುಗಾಗಿದೆ: ಟ್ಯಾಗ್ ಮೈಲಿಗಲ್ಲಿನಂತೆ ನೆಲ ಹಿಡಿದು ಕೂತಿರುತ್ತದೆ, ಎಂಜಿನ್ನಿನ ಹೊಟ್ಟೆಯಡಿ ಕಟ್ಟಿದ ರೀಡರ್ ಅದರ ಮೇಲಿನಿಂದ ಹಾದುಹೋಗುತ್ತದೆ. ಸುಮಾರು ಕಿಲೋಮೀಟರಿಗೊಂದರಂತೆಯೂ ಸಿಗ್ನಲ್‌ಗಳ ಬಳಿಯೂ ಇವನ್ನು ಹಾಕುತ್ತಾರೆ. ಎರಡು ಟ್ಯಾಗ್‌ಗಳ ನಡುವೆ ಎಷ್ಟು ದೂರ ಬಂದೆನೆಂಬುದನ್ನು ಎಂಜಿನ್ ತನ್ನ ಗಾಲಿಯ ಸುತ್ತುಗಳನ್ನು ಎಣಿಸಿ ಲೆಕ್ಕ ಹಾಕುತ್ತದೆ. ಮಳೆ ಬಿದ್ದು ಗಾಲಿ ಜಾರಿದರೆ, ಸವೆದು ಸುತ್ತಳತೆ ಕಡಿಮೆಯಾದರೆ, ಲೆಕ್ಕ ತುಸುತುಸುವೇ ತಪ್ಪುತ್ತ ಹೋಗುತ್ತದೆ. ಮುಂದಿನ ಟ್ಯಾಗ್ ಸಿಕ್ಕೊಡನೆ ‘ನೀನು ಇರುವುದು ಇಂಥ ಕಡೆ’ ಎಂಬ ಖಚಿತ ಉತ್ತರ ಸಿಗುತ್ತದೆ, ಅಲ್ಲಿಯವರೆಗೆ ಕೂಡಿದ ತಪ್ಪು ಅಳಿಸಿಹೋಗುತ್ತದೆ. ಉಪಗ್ರಹದ ಜಿಪಿಎಸ್ ಸಾಲದೆ ಎಂದು ಕೇಳಬಹುದು. ಅಕ್ಕಪಕ್ಕದ ಎರಡು ಹಳಿಗಳ ನಡುವೆ ಕೆಲವೇ ಮೀಟರ್ ಅಂತರವಿರುವಾಗ, ರೈಲು ಇರುವುದು ಅಪ್ ಲೈನಿನಲ್ಲೋ ಡೌನ್ ಲೈನಿನಲ್ಲೋ ಎಂಬುದನ್ನು ಸಂಶಯವಿಲ್ಲದಂತೆ ಹೇಳಬಲ್ಲದ್ದು ಆ ಹಳಿಗೇ ಬಿಗಿದ ಟ್ಯಾಗ್. ಎದುರಿಗೆ ಕೆಂಪು ಸಿಗ್ನಲ್ ಇದ್ದೂ ಲೋಕೊ ಪೈಲಟ್ ನಿಧಾನಿಸದಿದ್ದರೆ ಬ್ರೇಕ್ ಹಾಕುವುದು ಎಂಜಿನ್ನಿನಲ್ಲಿರುವ ಗಣಕ. ನಿಲ್ದಾಣದೊಡನೆ ಅದರ ಮಾತುಕತೆ ಬೇರೆಯದೇ ರೇಡಿಯೊದಲ್ಲಿ ನಡೆಯುತ್ತದೆ. ಟ್ಯಾಗ್ ಇಲ್ಲಿಯೂ ಬರಿಯ ವಿಳಾಸ ಹೇಳಿ ಸುಮ್ಮನಾಗುತ್ತದೆ.

ನಿಮ್ಮ ಕಾರ್ಖಾನೆಗೆ ಬರುವ ವ್ಯಾಗನ್‌ಗಳ ಪಕ್ಕದಲ್ಲಿಯೂ ಇಂಥ ಟ್ಯಾಗ್‌ಗಳನ್ನು ನೋಡಬಹುದು. ಯಾವ ವ್ಯಾಗನ್ ಎಲ್ಲಿ ಹಾದುಹೋಯಿತೆಂದು ಹಳಿಯ ಬದಿಯ ರೀಡರ್‌ಗಳು ಅವುಗಳಿಂದ ತಿಳಿಯುತ್ತವೆ.

ಪ್ರಶ್ನೆ: ನಾವು ಬಿದ್ರಿ ಕೆಲಸ ಮಾಡುವವರು. ನಕಲಿ ಮಾಲಿನ ಕಾಟ ತಪ್ಪಿಸಲು ಹೂಜಿ, ತಟ್ಟೆಗಳ ತಳಕ್ಕೆ ಆರ್‌ಎಫ್‌ಐಡಿ ಸ್ಟಿಕರ್ ಅಂಟಿಸಿದೆವು. ಕೈಯಲ್ಲಿದ್ದಾಗ ಮೊಬೈಲು ಓದುತ್ತಿತ್ತು, ತಟ್ಟೆಗೆ ಅಂಟಿಸಿದೊಡನೆ ಓದುವುದನ್ನು ಬಿಟ್ಟಿತು. ಸ್ಟಿಕರ್ ಕಳಪೆಯೆ? (ಕುಶಲಕರ್ಮಿ, ಬೀದರ್)

ಉತ್ತರ: ಸ್ಟಿಕರಿನ ತಪ್ಪಲ್ಲ, ನಿಮ್ಮ ತಟ್ಟೆ ಲೋಹದ್ದಾಗಿರುವುದೇ ಕಾರಣ. ಬಿದ್ರಿಯ ಮೈ ಸತುವಿಗೆ ತಾಮ್ರ ಬೆರೆತದ್ದು, ಮೇಲೆ ಬೆಳ್ಳಿಯ ಕುಸುರಿ, ಮೂರೂ ವಿದ್ಯುದ್ವಾಹಕಗಳು. ಮೊಬೈಲಿನ ಕಾಂತಕ್ಷೇತ್ರ ಲೋಹವನ್ನು ತಾಗಿದಾಗ ಅದರಲ್ಲಿ ಸುಳಿಪ್ರವಾಹಗಳು ಏಳುತ್ತವೆ, ಅವು ಎದುರು ದಿಕ್ಕಿನ ಕ್ಷೇತ್ರವನ್ನು ಹುಟ್ಟಿಸಿ ಮೂಲಕ್ಷೇತ್ರವನ್ನು ಅಳಿಸುತ್ತವೆ. ಲೋಹದ ಮೈಗೆ ಒತ್ತಿ ಕುಳಿತ ಸುರುಳಿಗೆ ಉಣ್ಣಲು ಏನೂ ಉಳಿಯುವುದಿಲ್ಲ. ಒಂದು ಪ್ರಯೋಗ ಮಾಡಿ: ಸ್ಟಿಕರನ್ನು ಬೆಂಕಿಪೆಟ್ಟಿಗೆಯ ಮೇಲೆ ಅಂಟಿಸಿ, ಆ ಪೆಟ್ಟಿಗೆಯನ್ನು ತಟ್ಟೆಯ ಮೇಲಿಟ್ಟು ಮೊಬೈಲ್ ಹಿಡಿಯಿರಿ. ನಡುವೆ ಅಷ್ಟು ಅಂತರ ಸಿಕ್ಕರೆ ಬಹುಮಟ್ಟಿಗೆ ಓದುತ್ತದೆ.

ಹಾಗೆಂದು ತಟ್ಟೆಗೆ ಬೆಂಕಿಪೆಟ್ಟಿಗೆ ಕಟ್ಟಿ ಮಾರಲಾಗದು. ಹಿಂಬದಿಗೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಹಾಳೆಯಿರುವ, ಲೋಹದ ಮೇಲೆ ಬಳಸಲೆಂದೇ ಮಾಡಿದ ಸ್ಟಿಕರ್‌ಗಳು ಸಿಗುತ್ತವೆ. ಅವು ತುಸು ದಪ್ಪ, ಬೆಲೆಯೂ ಹಲವು ಪಟ್ಟು ಹೆಚ್ಚು. ಫೆರೈಟ್ ಕಾಂತಕ್ಷೇತ್ರವನ್ನು ಲೋಹಕ್ಕೆ ಮುಟ್ಟಗೊಡದೆ ತನ್ನೊಳಗಿನಿಂದಲೇ ಹಾಯಿಸಿ ಕಳಿಸುತ್ತದೆ. ನನ್ನನ್ನು ಕೇಳಿದರೆ ದುಬಾರಿ ಮಾಲಿಗೆ ಮಾತ್ರ ಅದನ್ನು ಬಳಸಿ. ಕಿವಿಯೋಲೆ, ಉಂಗುರಗಳಿಗೆ ದಾರದಲ್ಲಿ ಕಟ್ಟುವ ಕಾಗದದ ಚೀಟಿಯೇ ಸಾಕು.

ಇನ್ನೊಂದು ಮಾತನ್ನು ಹೇಳದಿದ್ದರೆ ಉತ್ತರ ಅರ್ಧವಾದೀತು. ಬಿದ್ರಿಗೆ 2006ರಲ್ಲಿ ದೊರೆತ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಕಾನೂನಿನ ಮಾನ್ಯತೆಯೇ ಹೊರತು ಅಂಟಿಸುವ ವಸ್ತುವಲ್ಲ. ಅಂಗಡಿಗಳಲ್ಲಿ ಎರಡನ್ನೂ ಬೆರೆಸಿ ಮಾತನಾಡುವುದನ್ನು ಕೇಳಿದ್ದೇನೆ. ಸ್ಟಿಕರ್ ಹೇಳುವುದು ಒಂದು ಸಂಖ್ಯೆಯನ್ನು. ಆ ಸಂಖ್ಯೆಯ ತಟ್ಟೆಯನ್ನು ಯಾರು, ಯಾವಾಗ ಮಾಡಿದರೆಂಬ ದಾಖಲೆಯನ್ನು ನಿಮ್ಮ ಸಂಘ ಒಂದು ಕಡೆ ಬರೆದಿಟ್ಟು, ಕೊಳ್ಳುವವರಿಗೆ ನೋಡಲು ಬಿಟ್ಟರೆ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಅಗ್ಗದ ಸ್ಟಿಕರಿನ ಸಂಖ್ಯೆಯನ್ನು ನಕಲಿಗಾರನೂ ನಕಲು ಮಾಡಬಲ್ಲ. ಪ್ರತಿ ಬಾರಿಯೂ ಬೇರೆ ಸಂಕೇತ ಕೊಡುವ ಗುಪ್ತಲಿಪಿಯ ಚಿಪ್ ಕೇಳಿ ಕೊಳ್ಳಿ.

ಪ್ರಶ್ನೆ: ನಮ್ಮ ದಾಲ್ ಮಿಲ್‌ನಿಂದ ಲಾರಿಗೆ ಏರುವ ತೊಗರಿಬೇಳೆ ಚೀಲಗಳ ಎಣಿಕೆ ದಿನವೂ ಜಗಳಕ್ಕೆ ಕಾರಣ. ಎಲ್ಲ ಚೀಲಗಳೂ ಒಟ್ಟಿಗೆ ಮಾತನಾಡಿದರೆ ರೀಡರ್‌ಗೆ ಗೊಂದಲವಾಗುವುದಿಲ್ಲವೆ? (ಮಿಲ್ ವ್ಯವಸ್ಥಾಪಕರು, ಕಲಬುರಗಿ)

ಉತ್ತರ: ಗೊಂದಲವಾಗುತ್ತದೆ, ಆದ್ದರಿಂದಲೇ ಅದಕ್ಕೊಂದು ಕಟ್ಟಳೆ ಇದೆ. ರೀಡರ್ ‘ಇಷ್ಟು ಸರದಿಗಳಿವೆ’ ಎಂದು ಸಾರುತ್ತದೆ, ಪ್ರತಿಯೊಂದು ಟ್ಯಾಗೂ ಮನಸ್ಸಿಗೆ ಬಂದ ಒಂದು ಸರದಿಯನ್ನು ಹಿಡಿಯುತ್ತದೆ. ಒಂದೇ ಸರದಿಗೆ ಇಬ್ಬರು ಬಾಯಿ ತೆರೆದರೆ ಇಬ್ಬರ ಮಾತೂ ಕೆಡುತ್ತದೆ. ಅವರು ಮುಂದಿನ ಸುತ್ತಿನಲ್ಲಿ ಮತ್ತೆ ಪ್ರಯತ್ನಿಸುತ್ತಾರೆ. ಹೇಳಿ ಮುಗಿಸಿದವರು ಸುಮ್ಮನಿರುತ್ತಾರೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದವರು ದ್ವೀಪಗಳ ಗಣಕಗಳನ್ನು ರೇಡಿಯೊದಿಂದ ಬೆಸೆಯಲು ಹೂಡಿದ ‘ಅಲೋಹಾ’ ಉಪಾಯದ ಸಂತತಿ ಇದು. ಹೀಗೆ ಸೆಕೆಂಡಿಗೆ ನೂರಾರು ಟ್ಯಾಗ್‌ಗಳನ್ನು ಓದಬಹುದು.

ಆದರೆ ಲಾರಿ ತುಂಬಿದ ಮೇಲೆ ಒಮ್ಮೆಲೇ ಎಣಿಸುವ ಆಸೆಯನ್ನು ಬಿಡಿ. ಒಳಗೆ ಹೂತ ಚೀಲಗಳಿಗೆ ಅಲೆ ತಲುಪದೆ ಒಂದೆರಡು ತಪ್ಪಿದರೂ ಜಗಳ ಮರಳಿ ಬರುತ್ತದೆ. ಹಮಾಲರು ಚೀಲ ಹೊತ್ತು ಹೊರಬರುವ ಬಾಗಿಲಿನ ಎರಡು ಬದಿಗೆ ಆಂಟೆನಾ ನಿಲ್ಲಿಸಿ, ಒಂದೊಂದಾಗಿ ಎಣಿಸಿ; ಚೀಲದ ಮೇಲ್ತುದಿಗೆ, ಹೆಗಲಿಗೆ ತಾಗದಂತೆ ಟ್ಯಾಗ್ ಹೊಲಿಸಿ. ದಿನಕ್ಕೆ ಕೆಲವೇ ನೂರು ಚೀಲಗಳಾದರೆ ಬಾರ್‌ಕೋಡೇ ಲೇಸು.

ಪ್ರಶ್ನೆ: ಬಸ್ಸಿನ ನೂಕುನುಗ್ಗಲಿನಲ್ಲಿ ಜೇಬಿನಲ್ಲಿರುವ ಎಟಿಎಂ ಕಾರ್ಡು, ಆಧಾರ್ ಕಾರ್ಡುಗಳನ್ನು ದೂರದಿಂದಲೇ ಓದಿ ಹಣ ಎಗರಿಸಬಹುದೆ? (ಪದವಿ ವಿದ್ಯಾರ್ಥಿನಿ, ಯಾದಗಿರಿ)

ಉತ್ತರ: ಆಧಾರ್ ಕಾರ್ಡಿನಲ್ಲಿ ಚಿಪ್ ಇಲ್ಲ, ಇರುವುದು ಕ್ಯೂಆರ್ ಕೋಡ್, ಅದರ ಚಿಂತೆ ಬಿಡಿ. ಅಲೆಗಳ ಚಿಹ್ನೆಯಿರುವ ಬ್ಯಾಂಕ್ ಕಾರ್ಡು ಕೆಲವು ಸೆಂಟಿಮೀಟರ್ ದೂರದಿಂದ ಓದಲ್ಪಡುತ್ತದೆ. ಆದರೆ ಅದರ ಚಿಪ್ ಫಾಸ್ಟ್ಯಾಗ್‌ನಂತೆ ಬರಿಯ ಸಂಖ್ಯೆ ಒಪ್ಪಿಸುವುದಲ್ಲ, ಪ್ರತಿ ವಹಿವಾಟಿಗೂ ಹೊಸ ಗುಪ್ತಸಂಕೇತ ಲೆಕ್ಕ ಹಾಕಿ ಕೊಡುವ ಪುಟ್ಟ ಗಣಕ. ಒಮ್ಮೆ ಕದ್ದ ಸಂಕೇತವನ್ನು ಮತ್ತೊಮ್ಮೆ ಬಳಸಲು ಬರುವುದಿಲ್ಲ. ಪಿನ್ ಇಲ್ಲದೆ ಕಳೆಯಬಹುದಾದ ಮೊತ್ತಕ್ಕೆ 2021ರ ಜನವರಿಯಿಂದ 5,000 ರೂಪಾಯಿಯ ಮಿತಿಯಿದೆ. ಬೇಡವಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ಆ ಸೌಲಭ್ಯವನ್ನೇ ಮುಚ್ಚಿಡಬಹುದು. ಅಷ್ಟಕ್ಕೂ ಭಯವಿದ್ದರೆ ನೂರಾರು ರೂಪಾಯಿಯ ವಿಶೇಷ ಪರ್ಸು ಕೊಳ್ಳುವ ಬದಲು ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ಒಂದು ತುಂಡನ್ನು ಕಾರ್ಡಿಗೆ ಸುತ್ತಿಡಿ. ಬೀದರಿನ ಬಿದ್ರಿ ತಟ್ಟೆಗೆ ತೊಡಕಾದ ಅದೇ ಲೋಹದ ಗುಣ ನಿಮಗೆ ಇಲ್ಲಿ ಕಾವಲಾಗುತ್ತದೆ.